ಕರಗಿಸುವ ನೀರಿನ ಚರಿತ್ರೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯಿಂದ ಒಂದು ನೋಟ

1982–83ರಲ್ಲಿ ಬೆಳ್ತಂಗಡಿ ತಾಲೂಕಿನ ಪಟ್ರಮೆ, ನಿಡ್ಲೆ ಕಡೆಯ ಕಾಡಂಚಿನಲ್ಲಿ ಮಂಗನ ಕಾಯಿಲೆ ಹಬ್ಬಿತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಘಟ್ಟದ ಕೆಳಗೂ ಬಂದುಬಿಟ್ಟಿತ್ತು. ಗೇರು ತೋಟಕ್ಕಾಗಿ ಕಾಡು ಕಡಿದದ್ದಕ್ಕೂ ರೋಗಕ್ಕೂ ಇದ್ದ ನಂಟನ್ನು ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ವಿವರವಾಗಿ ಬರೆದರು. ಕಾಡು, ಮಂಗ, ರೋಗ ಹರಡುವ ಉಣುಗು, ಲಸಿಕೆ ಇವುಗಳ ಬಗ್ಗೆ ಆಮೇಲೆ ಬೇಕಾದಷ್ಟು ಬರಹಗಳು ಬಂದಿವೆ. ಕಾಡಿನಲ್ಲಿ ಹಿಡಿದ ಉಣುಗನ್ನು ಪ್ರಯೋಗಾಲಯದಲ್ಲಿ ಯಾವ ದ್ರವದಲ್ಲಿ ಅರೆಯುತ್ತಿದ್ದರು ಎಂಬುದು ಮಾತ್ರ ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಈ ಲೇಖನದ ವಸ್ತು ಆ ದ್ರವ. ವೈದ್ಯಕೀಯ ಚರಿತ್ರೆಯಲ್ಲಿ ಮದ್ದಿಗೆ ಸಿಕ್ಕ ಗೌರವ ಮದ್ದನ್ನು ಹೊತ್ತ ನೀರಿಗೆ ಸಿಕ್ಕಿಲ್ಲ. ಅವಘಡಗಳ ಕಡತ ತೆರೆದರೆ ತಪ್ಪು ಎಷ್ಟೋ ಸಲ ನೀರಿನ ಕಡೆಯಲ್ಲೇ ಕಾಣುತ್ತದೆ.

ಉಣುಗಿನಲ್ಲಿ ವೈರಾಣು ಹುಡುಕಲು ಪುಣೆಯ ವೈರಾಣು ಸಂಸ್ಥೆಯಲ್ಲಿ ರೂಢಿಯಲ್ಲಿದ್ದ ಕ್ರಮ ಹೀಗಿತ್ತು. ಜಾತಿವಾರು ವಿಂಗಡಿಸಿದ ಉಣುಗುಗಳನ್ನು ಶೇ. 0.75ರಷ್ಟು ಹಸುವಿನ ಅಲ್ಬುಮಿನ್ ಎಂಬ ಪ್ರೋಟೀನ್ ಬೆರೆತ ಫಾಸ್ಫೇಟ್ ಸಲೈನ್‌ನಲ್ಲಿ ಅರೆದು, ಬ್ಯಾಕ್ಟೀರಿಯಾ ಬೆಳೆಯದಂತೆ ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್ ಸೇರಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಿಳಿಯನ್ನು ಇಲಿಮರಿಗಳ ಮಿದುಳಿಗೆ ಚುಚ್ಚುತ್ತಿದ್ದರು. ಇಲ್ಲಿ ಬರಿಯ ಬಟ್ಟಿ ಇಳಿಸಿದ ನೀರು ಸಾಲದು. ಫಾಸ್ಫೇಟ್ ಆಮ್ಲ–ಕ್ಷಾರದ ಹದ ಕಾಯುತ್ತದೆ, ಉಪ್ಪು ಜೀವಕೋಶ ಒಡೆಯದಂತೆ ನೋಡಿಕೊಳ್ಳುತ್ತದೆ. ಅಲ್ಬುಮಿನ್‌ನ ಕೆಲಸ ಇನ್ನೂ ಸೂಕ್ಷ್ಮ. ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳುಗೊಳಿಸುತ್ತ ಹೋದಂತೆ ಉಳಿದಿರುವ ಅಷ್ಟಿಷ್ಟು ವೈರಾಣು ಗಾಜಿನ ಗೋಡೆಗೆ ಅಂಟಿ ನಷ್ಟವಾಗದಂತೆ ಅದು ತಡೆಯುತ್ತದೆ. ಇಂದು ಪೆಪ್ಟೈಡ್‌ಗಳ (ಪ್ರೋಟೀನ್‌ನ ಕಿರು ತುಣುಕುಗಳ) ಮೇಲೆ ಕೆಲಸ ಮಾಡುವವರು ತೀರ ತೆಳುವಾದ ದ್ರಾವಣಕ್ಕೆ ಶೇ. 0.1ರಷ್ಟು ಅಲ್ಬುಮಿನ್ ಹಾಕುವುದೂ ಇದೇ ಕಾರಣಕ್ಕೆ.

ಈ ಜಿಲ್ಲೆಯಲ್ಲಿ ಕಥೆ ಇನ್ನೂ ಹಿಂದಿನಿಂದಲೇ ಶುರುವಾಗುತ್ತದೆ. 1956ರ ತನಕ ದಕ್ಷಿಣ ಕನ್ನಡ ಮದರಾಸಿನ ಆಡಳಿತದಲ್ಲಿತ್ತು. ಆ ಪ್ರಾಂತ್ಯದ ಸಿಡುಬಿನ ಲಸಿಕೆ ತಯಾರಾಗುತ್ತಿದ್ದದ್ದು ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ. ಕರುವಿನ ಚರ್ಮದಿಂದ ತೆಗೆದ ಲಸಿಕೆಯಲ್ಲಿ ಬೇರೆ ಬ್ಯಾಕ್ಟೀರಿಯಾಗಳೂ ಇರುತ್ತಿದ್ದವು. ಗ್ಲಿಸರಿನ್‌ನಲ್ಲಿ ಕೆಲವು ವಾರ ಇಟ್ಟರೆ ಅವು ಸಾಯುತ್ತವೆ, ಲಸಿಕೆಯ ಸತ್ವ ಉಳಿಯುತ್ತದೆ ಎಂದು ಇಂಗ್ಲೆಂಡಿನ ಕೋಪ್‌ಮನ್ 1891ರಲ್ಲಿ ತೋರಿಸಿದರು. ಹೊತ್ತೊಯ್ಯುವ ದ್ರವವೇ ಇಲ್ಲಿ ಶುದ್ಧೀಕರಣವನ್ನೂ ಮಾಡಿತು. ಆದರೆ ಬಿಸಿಲಿನ ನಾಡಿನಲ್ಲಿ ಗ್ಲಿಸರಿನ್ ಲಸಿಕೆ ಬೇಗ ಸತ್ವ ಕಳೆದುಕೊಳ್ಳುತ್ತಿತ್ತು. ಆ ಸಂಸ್ಥೆಗೆ ತನ್ನ ಹೆಸರು ಬಿಟ್ಟುಹೋದ ಡಬ್ಲ್ಯು. ಜಿ. ಕಿಂಗ್ ಅದಕ್ಕಾಗಿಯೇ ಕುರಿಯ ಉಣ್ಣೆಯ ಜಿಡ್ಡಾದ ಲ್ಯಾನೊಲಿನ್‌ನಲ್ಲಿ ಲಸಿಕೆ ಕಲಸಿ ನೋಡಿದರು. ಮುಂದೆ 1950ರ ದಶಕದಲ್ಲಿ ಲಂಡನ್ನಿನ ಲೆಸ್ಲಿ ಕೊಲ್ಲಿಯರ್ ಪೆಪ್ಟೋನ್ ಬೆರೆಸಿ ಲಸಿಕೆಯನ್ನು ಹೆಪ್ಪುಗಟ್ಟಿಸಿ ಒಣಗಿಸುವ ವಿಧಾನ ರೂಪಿಸಿದರು. ಗಿಂಡಿ, ಬೆಳಗಾವಿಗಳಲ್ಲೂ ಒಣ ಲಸಿಕೆ ತಯಾರಾಯಿತು. ಪುಡಿ ಒಂದು ಸೀಸೆಯಲ್ಲಿ, ಕರಗಿಸುವ ದ್ರವ ಇನ್ನೊಂದರಲ್ಲಿ. ಕರಗಿಸುವ ಹೊಣೆ ಕಾರ್ಖಾನೆಯಿಂದ ಹಳ್ಳಿಯ ಲಸಿಕೆಗಾರನ ಕೈಗೆ ದಾಟಿದ ಆ ಹೊತ್ತು ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ದೊಡ್ಡ ತಿರುವು.

ನೀರಿನ ಒಳಗುಟ್ಟು ಬಿಚ್ಚಿದವರು ಅಮೆರಿಕದ ಜೀವರಸಾಯನಶಾಸ್ತ್ರಜ್ಞೆ ಫ್ಲಾರೆನ್ಸ್ ಸೀಬರ್ಟ್. ಪ್ರೋಟೀನ್ ದ್ರಾವಣವನ್ನು ರಕ್ತನಾಳಕ್ಕೆ ಕೊಟ್ಟಾಗ ಬರುವ ಜ್ವರ ಪ್ರೋಟೀನ್‌ನದೇ ಎಂದು ಅಂದಿನವರು ನಂಬಿದ್ದರು. ಬಟ್ಟಿ ಇಳಿಸಿದ ನೀರಿನಲ್ಲಿ ಬೆಳೆದ ಬ್ಯಾಕ್ಟೀರಿಯಾಗಳು ಬಿಟ್ಟ ವಸ್ತುವೇ ಅದಕ್ಕೆ ಕಾರಣ ಎಂದು ಅವರು 1923ರಲ್ಲಿ ತೋರಿಸಿದರು. ಇದರ ಅರ್ಥ ಗಂಭೀರವಾದದ್ದು. ಆಟೋಕ್ಲೇವ್‌ನಲ್ಲಿ 121 ಡಿಗ್ರಿಯ ಹಬೆ 15 ನಿಮಿಷ ಹಿಡಿದರೆ ಕ್ರಿಮಿ ಸಾಯುತ್ತದೆ. ಅದು ಬಿಟ್ಟ, ಜ್ವರ ತರುವ ಎಂಡೊಟಾಕ್ಸಿನ್ ಎಂಬ ವಿಷ ಉಳಿಯುತ್ತದೆ. 0.22 ಮೈಕ್ರೋಮೀಟರ್ ಫಿಲ್ಟರ್ ಬ್ಯಾಕ್ಟೀರಿಯಾವನ್ನು ತಡೆದರೂ ಈ ವಿಷವನ್ನು ತಡೆಯುತ್ತದೆಂಬ ಭರವಸೆಯಿಲ್ಲ. ಗಾಜಿನ ಸಾಮಾನಿನಿಂದ ಅದನ್ನು ತೆಗೆಯಲು 250 ಡಿಗ್ರಿಯ ಒಣ ಶಾಖದಲ್ಲಿ ಅರ್ಧ ಗಂಟೆ ಬೇಕು. ನಿಂತ ನೀರನ್ನು ಆಮೇಲೆ ಕುದಿಸಿ ಶುದ್ಧ ಮಾಡಿದೆವೆಂದರೆ ಆಗದು, ಮೊದಲಿನಿಂದಲೇ ಕ್ರಿಮಿ ಬೆಳೆಯಲು ಬಿಡಬಾರದು.

ಕ್ರಿಮಿನಾಶಕ ಬೆರೆಸಿದರೆ ಆಯಿತಲ್ಲ ಎನ್ನುವವರಿದ್ದಾರೆ. ಬೆರೆಸದೆ ಆದ ಅನಾಹುತ ನಿಜ. 1928ರಲ್ಲಿ ಆಸ್ಟ್ರೇಲಿಯಾದ ಬಂಡಬರ್ಗ್‌ನಲ್ಲಿ ಸಂರಕ್ಷಕವಿಲ್ಲದ ಸೀಸೆಯಿಂದ ಮತ್ತೆ ಮತ್ತೆ ಡಿಫ್ತೀರಿಯಾ ಚುಚ್ಚುಮದ್ದು ತೆಗೆದು ಕೊಟ್ಟು 12 ಮಕ್ಕಳು ಸತ್ತರು. ಆದರೆ ಬೆರೆಸಿದ್ದರಿಂದಲೂ ಸಾವುಗಳಾಗಿವೆ. ಪಟ್ರಮೆಯಲ್ಲಿ ಜ್ವರ ಹಬ್ಬಿದ ಅದೇ 1982ರಲ್ಲಿ, ಸಂರಕ್ಷಕವಾಗಿ ಶೇ. 0.9 ಬೆಂಜೈಲ್ ಆಲ್ಕೊಹಾಲ್ ಇದ್ದ ದ್ರವಗಳನ್ನು ನವಜಾತ ಶಿಶುಗಳಿಗೆ ಕೊಡಬಾರದೆಂದು ಅಮೆರಿಕದ ಔಷಧ ಇಲಾಖೆ ಎಚ್ಚರಿಸಿತು. ಅಷ್ಟರಲ್ಲಿ 16 ಹಸುಗೂಸುಗಳ ಸಾವು ವರದಿಯಾಗಿತ್ತು. ಸಂರಕ್ಷಕ ಕ್ರಿಮಿಯ ಬೆಳವಣಿಗೆಯನ್ನು ತಡೆಹಿಡಿಯುತ್ತದೆ ಅಷ್ಟೆ; ಕೊಳೆಯಾದ ದ್ರವವನ್ನು ಶುದ್ಧ ಮಾಡುವುದಿಲ್ಲ.

ಮೂಡುಬಿದಿರೆ, ಉಜಿರೆಗಳು ಈಗ ವಿಜ್ಞಾನ ಕಲಿಯುವ ಮಕ್ಕಳ ಊರುಗಳು. ಕರಾವಳಿಯ ಮಳೆಗಾಲದಲ್ಲಿ ಇಲ್ಲಿ ಕೆಲಸ ಮಾಡುವವರಿಗೆ ಹೊರನಾಡಿನ ಕೈಪಿಡಿಯ ಒಂದು ಸಾಲು ಎರಡು ಪಟ್ಟು ಮುಖ್ಯ. ಫ್ರೀಜರ್‌ನಿಂದ ತೆಗೆದ ಒಣ ಪೆಪ್ಟೈಡ್ ಸೀಸೆಯನ್ನು ಕೋಣೆಯ ಉಷ್ಣತೆಗೆ ಬರುವ ತನಕ ತೇವ ತಾಗದ ಮುಚ್ಚಿದ ಪಾತ್ರೆಯಾದ ಡೆಸಿಕೇಟರ್‌ನಲ್ಲಿಡಬೇಕು. ಅವಸರದಿಂದ ತೆರೆದರೆ ಆಷಾಢದ ಗಾಳಿಯ ತೇವವೆಲ್ಲ ಪುಡಿಯ ಮೇಲೆ ಇಳಿಯುತ್ತದೆ. ಕರಗಿಸಿದ್ದನ್ನು ಸಣ್ಣ ಸಣ್ಣ ಪಾಲು ಮಾಡಿ ಇಡುವುದು, ಒಮ್ಮೆ ಕರಗಿದ ಪಾಲನ್ನು ಮತ್ತೆ ಹೆಪ್ಪುಗಟ್ಟಿಸದಿರುವುದು, ತಯಾರಿಸಿದ ದಿನಾಂಕ ಬರೆಯುವುದು, ಕರೆಂಟು ಹೋದರೆ ಫ್ರಿಜ್ಜಿನ ಉಷ್ಣತೆ ಎಷ್ಟಕ್ಕೆ ಏರಿತೆಂದು ದಾಖಲಿಸುವುದು, ಇಷ್ಟನ್ನು ಯಾವ ಸಣ್ಣ ಪ್ರಯೋಗಾಲಯವೂ ಮಾಡಬಹುದು. ದುಬಾರಿ ಉಪಕರಣ ಬೇಕಿಲ್ಲ. ಇದನ್ನು ಪ್ರಾಯೋಗಿಕ ಪರೀಕ್ಷೆಯ ಅಂಕಕ್ಕೆ ಸೇರಿಸಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಆಸ್ಪತ್ರೆಗಳಲ್ಲಿ ಇದೇ ಶಿಸ್ತು ನಿಯಮವಾಗಿದೆ. ತೋಟದಲ್ಲಿ ಕೊಳಕುಮಂಡಲ ಕಚ್ಚಿದವರಿಗೆ ಕೊಡುವ ಒಣ ಪ್ರತಿವಿಷದ ಪ್ರತಿ ಸೀಸೆಗೂ 10 ಮಿಲಿಲೀಟರ್ ಕ್ರಿಮಿರಹಿತ ನೀರು ಬೇಕು. ಕುಲುಕಿದರೆ ನೊರೆ ಬರುತ್ತದೆ, ಮೆಲ್ಲನೆ ತಿರುಗಿಸಬೇಕು. 2017ರ ಫೆಬ್ರವರಿಯಲ್ಲಿ ಕರ್ನಾಟಕಕ್ಕೆ ಬಂದ ದಡಾರ–ರುಬೆಲ್ಲಾ ಲಸಿಕೆಯ ಜೊತೆ ಅದೇ ತಯಾರಕರ ಕರಗಿಸುವ ದ್ರವ (ಡೈಲ್ಯುಯೆಂಟ್) ಬರುತ್ತದೆ. ಬಳಸುವ ಮೊದಲು ಅದನ್ನೂ 2ರಿಂದ 8 ಡಿಗ್ರಿಗೆ ತಂಪಾಗಿಸಬೇಕು, ಹೆಪ್ಪುಗಟ್ಟಲು ಬಿಡಬಾರದು. 2014ರಲ್ಲಿ ಸಿರಿಯಾದ ಇಡ್ಲಿಬ್‌ನಲ್ಲಿ ಡೈಲ್ಯುಯೆಂಟ್ ಬದಲಿಗೆ ಅರಿವಳಿಕೆಯ ಹೊತ್ತಿನಲ್ಲಿ ಸ್ನಾಯು ಸಡಿಲಿಸಲು ಕೊಡುವ ಮದ್ದಿನಲ್ಲಿ ದಡಾರ ಲಸಿಕೆ ಕಲಸಿ 15 ಮಕ್ಕಳು ತೀರಿಕೊಂಡಿದ್ದರು. ನಮ್ಮ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕಿನಲ್ಲಿ 2022ರ ಜನವರಿಯಲ್ಲಿ ಲಸಿಕೆ ಪಡೆದ ಮೂರು ಕಂದಮ್ಮಗಳು ಸತ್ತಾಗ ತನಿಖೆ ನಡೆದದ್ದೂ ಸೀಸೆಗಳನ್ನು ಎಲ್ಲಿ, ಹೇಗೆ ಇಟ್ಟಿದ್ದರು ಎಂಬುದರ ಸುತ್ತಲೇ. ಕರಗಿಸಿದ ದಡಾರ–ರುಬೆಲ್ಲಾ ಲಸಿಕೆಯ ಆಯುಸ್ಸು ನಾಲ್ಕು ಗಂಟೆ. ಆಮೇಲೆ ಸೀಸೆಯಲ್ಲಿ ಎಷ್ಟು ಡೋಸು ಉಳಿದಿದ್ದರೂ ಅದನ್ನು ಎಸೆಯಲೇಬೇಕು.