ಪಹಣಿ ಇಲ್ಲದ ಮನೆಗಳು

ನಮ್ಮೂರಲ್ಲಿ ಯಾರಾದ್ರೂ ಮನೆ ಕಟ್ತೀನಿ ಅಂದ್ರೆ ಹಿರಿಯರು ಮೊದಲು ಕೇಳೋದು ಒಂದೇ ಪ್ರಶ್ನೆ: "ಜಾಗ ಯಾರ ಹೆಸರಲ್ಲಿದೆ?" ಇಂಟರ್ನೆಟ್ಟಿನಲ್ಲಿ ಮನೆ ಕಟ್ಟಿದ ಮೊದಲ ತಲೆಮಾರಿನ ಲಕ್ಷಾಂತರ ಜನ ಈ ಪ್ರಶ್ನೆ ಕೇಳಲಿಲ್ಲ.

1994ರಲ್ಲಿ ಡೇವಿಡ್ ಬೋನೆಟ್ ಮತ್ತು ಜಾನ್ ರೆಜ್ನರ್ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಂಪನಿ ಶುರು ಮಾಡಿದರು. ಅದೇ ಮುಂದೆ ಜಿಯೋಸಿಟೀಸ್ ಆಯಿತು. ಆಗ ಸ್ವಂತದ್ದೊಂದು ವೆಬ್ ಪುಟ ಬೇಕು ಅಂದ್ರೆ ಯೂನಿವರ್ಸಿಟಿ ಸರ್ವರಿನಲ್ಲಿ ಅಕೌಂಟ್ ಇರಬೇಕಿತ್ತು, ಇಲ್ಲಾ ತಿಂಗಳಿಗಿಷ್ಟು ಅಂತ ದುಡ್ಡು ಕೊಡಬೇಕಿತ್ತು. ಇವರು ಜಾಗವನ್ನು ಪುಕ್ಕಟೆ ಕೊಟ್ಟರು, ಅದೂ ಊರಿನ ಥರ ಬಡಾವಣೆ ಮಾಡಿ. ಸಿನಿಮಾ ಹುಚ್ಚಿನವರಿಗೆ 'ಹಾಲಿವುಡ್', ಕಂಪ್ಯೂಟರಿನವರಿಗೆ 'ಸಿಲಿಕಾನ್ ವ್ಯಾಲಿ', ಸೈನ್ಸ್ ಫಿಕ್ಷನ್ನಿಗೆ 'ಏರಿಯಾ 51'. ಪ್ರತಿ ಪುಟಕ್ಕೂ ಒಂದು ಮನೆ ನಂಬರ್.

ಜನ ನೋಟ್‌ಪ್ಯಾಡಿನಲ್ಲಿ ಎಚ್‌ಟಿಎಂಎಲ್ ಬರೆದರು. ಬರದಿದ್ದವರು ಪಕ್ಕದ ಮನೆಯ 'ವ್ಯೂ ಸೋರ್ಸ್' ನೋಡಿ ಕಲಿತರು. ಮಿನುಗುವ ಅಕ್ಷರ, ಎಷ್ಟು ಜನ ಬಂದ್ರು ಅಂತ ಎಣಿಸೋ ಕೌಂಟರ್, ಎಂದೂ ಮುಗಿಯದ 'ಕಾಮಗಾರಿ ನಡೆಯುತ್ತಿದೆ' ಬೋರ್ಡು. ಇವತ್ತು ನೋಡಿದ್ರೆ ನಗು ಬರುತ್ತೆ. ಆದ್ರೆ ಪ್ರೋಗ್ರಾಮರ್ ಅಲ್ಲದವರೂ ತಮ್ಮ ಕೈಯಾರೆ ಜಗತ್ತಿಗೆ ಏನನ್ನೋ ಪ್ರಕಟಿಸಿದ್ದು ಅಲ್ಲೇ.

1999ರಲ್ಲಿ ಯಾಹೂ ಸುಮಾರು 357 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ಇಡೀ ಊರನ್ನೇ ಕೊಂಡಿತು. ಅದೇ ವರ್ಷ ಬಂದ ಹೊಸ ಕರಾರು, ಸದಸ್ಯರು ಬರೆದದ್ದರ ಮೇಲೂ ಕಂಪನಿಗೆ ವಿಪರೀತ ಹಕ್ಕು ಕೊಡುವಂತಿತ್ತು. ಜನ ತಿರುಗಿಬಿದ್ದರು, ಯಾಹೂ ಕರಾರು ಬದಲಿಸಿತು. ಎಚ್ಚರಿಕೆಯ ಗಂಟೆ ಅವತ್ತೇ ಬಾರಿಸಿತ್ತು.

ಹತ್ತು ವರ್ಷದ ನಂತರ, 2009ರ ಅಕ್ಟೋಬರ್ 26ರಂದು, ಯಾಹೂ ಅಮೆರಿಕದ ಜಿಯೋಸಿಟೀಸನ್ನು ಮುಚ್ಚಿಬಿಟ್ಟಿತು. ಮುಂಚೆಯೇ ನೋಟಿಸ್ ಕೊಟ್ಟಿದ್ದರು, ನಿಜ. ಆದ್ರೆ ಪಾಸ್‌ವರ್ಡ್ ಮರೆತವರಿಗೆ, ಈಮೇಲ್ ಬದಲಿಸಿದವರಿಗೆ, ತೀರಿಕೊಂಡವರ ನೆನಪಿನ ಪುಟಗಳಿಗೆ ನೋಟಿಸ್ ಮುಟ್ಟೋದಾದ್ರೂ ಹೇಗೆ? ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಸಿಕ್ಕಷ್ಟನ್ನು ಬಾಚಿಕೊಂಡು, 2010ರಲ್ಲಿ 600 ಜಿಬಿಗೂ ಹೆಚ್ಚಿನ ಟಾರೆಂಟ್ ಮಾಡಿ ಹಂಚಿತು. ಯಾರೂ ಉಳಿಸಿಕೊಳ್ಳದೇ ಇದ್ದದ್ದು ಹೋಯಿತು.

ಈಗಲೂ ಗಿಟ್‌ಹಬ್ ಪೇಜಸ್‌ನಂಥ ಕಡೆ ಐದೇ ನಿಮಿಷದಲ್ಲಿ ಪುಕ್ಕಟೆ ಪುಟ ಹಾಕಬಹುದು. ಖಂಡಿತ ಹಾಕಿ. ಎಚ್‌ಟಿಎಂಎಲ್ ಫೈಲಿನ ದೊಡ್ಡ ಗುಣವೇ ಅದು: ಇಲ್ಲಿಂದ ಎತ್ತಿ ಅಲ್ಲಿಟ್ಟರೂ ತೆರೆದುಕೊಳ್ಳುತ್ತೆ. ಆದರೆ ಎತ್ತಲು ಒಂದು ಪ್ರತಿ ನಿಮ್ಮ ಹತ್ತಿರ ಇರಬೇಕು. ಜಾಗ ಅವರ ಹೆಸರಲ್ಲೇ ಇರಲಿ ಬಿಡಿ, ಫೈಲು ಮಾತ್ರ ನಿಮ್ಮ ಮನೆಯ ಹಾರ್ಡ್‌ಡಿಸ್ಕಿನಲ್ಲೂ ಇರಲಿ.