ಮಿಲಿಟ್ರಿ ಕ್ಯಾಂಟೀನು ಹುಟ್ಟಿದ್ದು ಹೆಂಗೆ

ನಮ್ಮ ದೊಡ್ಡಬಳ್ಳಾಪುರದ ಕಡೆ ಮಿಲಿಟ್ರಿ ಕ್ಯಾಂಟೀನು ಅಂದ್ರೆ ಹೆಣ್ಣುಮಕ್ಕಳಿಗೆ ಮೊದಲು ನೆನಪಾಗೋದು ಕುಕ್ಕರು, ಮಿಕ್ಸಿ, ಸೋಪು. ಮಿಲಿಟ್ರಿಲಿ ಇದ್ದು ಬಂದೋರ ಮನೆ ಬೀದಿಗೊಂದಿದ್ರೆ ಸಾಕು, "ಅಕ್ಕಾ, ನಿಮ್ಮ ಕಾರ್ಡಲ್ಲಿ ನಮಗೂ ಒಂದು ತಕ್ಕೊಡಿ" ಅಂತ ಕೇಳೋರು ನಾಕು ಜನ. "ಅವರಿಗೇನಮ್ಮ, ಎಲ್ಲಾ ಬಿಟ್ಟಿ" ಅನ್ನೋರೂ ಅವ್ರೆ. ಬಿಟ್ಟಿ ಅಲ್ಲ ಕಣ್ರಮ್ಮಾ. ಕ್ಯಾಂಟೀನಲ್ಲಿ ದುಡ್ಡು ಕೊಟ್ಟೇ ತಗೋಬೇಕು, ಅವತ್ತೂ ಅಷ್ಟೇ, ಇವತ್ತೂ ಅಷ್ಟೇ.

ಸೈನ್ಯದಲ್ಲಿ ಊಟ ಬೇರೆ, ಕ್ಯಾಂಟೀನು ಬೇರೆ. ಊಟ ಸರ್ಕಾರದ್ದು. ಟೀ, ಬಿಸ್ಕತ್ತು, ಸೋಪು, ಸಿಗರೇಟು, ಊರಿಗೆ ಕಾಗದ ಬರೆಯೋಕೆ ಹಾಳೆ, ಇವನ್ನೆಲ್ಲ ಸಿಪಾಯಿ ತನ್ನ ಸಂಬಳದಲ್ಲಿ ತಗೋಬೇಕು. ಮುಂಚೆ ಹೆಚ್ಚಾಗಿ ಇವನ್ನ ಮಾರ್ತಿದ್ದೋರು ಕಂಟ್ರಾಕ್ಟರುಗಳು. ಎರಡನೇ ಮಹಾಯುದ್ಧ ಬಂದು, ಎರಡು ಲಕ್ಷದಷ್ಟಿದ್ದ ಭಾರತದ ಸೈನ್ಯ 25 ಲಕ್ಷದವರೆಗೂ ಬೆಳೀತು. ಆ ಕಾಲದಲ್ಲೇ, 1942ರಲ್ಲಿ, ಸರ್ಕಾರವೇ ಕ್ಯಾಂಟೀನ್ ಸರ್ವಿಸಸ್ ಅಂತ ಮಾಡಿ ಈ ಕೆಲಸ ಕೈಗೆ ತಗೊಂತು.

ಅದೇ ವರ್ಷ ಯುದ್ಧ ನಮ್ಮ ಅಡಿಗೆಮನೆಗೂ ಬಂತು. ಮಾರ್ಚಲ್ಲಿ ಜಪಾನಿನೋರು ರಂಗೂನ್ ಹಿಡಿದ್ರು, ಬರ್ಮಾದಿಂದ ಬರ್ತಿದ್ದ ಅಕ್ಕಿ ನಿಂತೋಯ್ತು. ಅಕ್ಕಿ ಸಾಲದೆ ರವೆಲಿ ಇಡ್ಲಿ ಮಾಡಿದ್ದು ಆವಾಗಲೇ ಅಂತ ಎಂ.ಟಿ.ಆರ್. ಹೋಟ್ಲಿನೋರು ಹೇಳ್ತಾರೆ. ನಮ್ಮ ಪಕ್ಕದ ಬೆಂಗಳೂರಂತೂ ಸೈನಿಕರಿಂದ ತುಂಬೋಗಿತ್ತು. 1940ರಲ್ಲಿ ಶುರುವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೇಲಿ ಅಮೆರಿಕದೋರ ವಿಮಾನ ರಿಪೇರಿ ಆಗ್ತಿತ್ತು, ಜಾಲಹಳ್ಳಿ ಕಡೆ ಸೈನಿಕರಿಗೆ ದೊಡ್ಡ ಆಸ್ಪತ್ರೆಗಳಾದ್ವು.

ಇನ್ನು ಯುದ್ಧ ನಡೀತಿದ್ದ ಜಾಗದಲ್ಲಿ ಟೀ ಕೊಡ್ತಿದ್ದೋರು ಯಾರು ಗೊತ್ತಾ? ಹೆಂಗಸರು. ಬರ್ಮಾದಲ್ಲಿ 1942ರಲ್ಲಿ ಮಹಿಳಾ ಸಹಾಯಕ ಸೇವೆ ಅಂತ ಒಂದು ದಳ ಕಟ್ಟಿದ್ರು. ಇಂಗ್ಲಿಷ್ ಹೆಂಗಸರು, ಆಂಗ್ಲೋ-ಬರ್ಮಿಗಳು, ಬರ್ಮಾದೋರು, ಎಲ್ಲರೂ ಇದ್ರು. ಮೊದಲು ಅವರ ಕೆಲಸ ಸೈನ್ಯದ ಗುಪ್ತ ಸಂದೇಶದ್ದು. ಬರ್ಮಾ ಕೈತಪ್ಪಿ ಭಾರತಕ್ಕೆ ಬಂದ ಮೇಲೆ ಕ್ಯಾಂಟೀನಿಗೆ ನಿಂತ್ರು. ಸುಮಾರು 250 ಜನ. ಲಾರಿಲಿ ಟೀ, ತಿಂಡಿ, ಸೋಪು, ಬ್ಲೇಡು, ಕಾಗದ ತುಂಬ್ಕೊಂಡು ಇಂಫಾಲದ ಕಡೆಯ ದಾರೀಲಿ ಓಡಾಡ್ತಿದ್ರು. 1945ರಲ್ಲಿ ಜನರಲ್ ಸ್ಲಿಮ್ ಅವರ ಹದಿನಾಲ್ಕನೇ ಸೈನ್ಯ ಬರ್ಮಾದೊಳಕ್ಕೆ ಹೋದಾಗ ಇವರೂ ಹಿಂದೆನೇ ಹೋದ್ರು. ಮಳೆ, ಕೆಸರು, ಮಲೇರಿಯಾ ಎಲ್ಲದರ ನಡುವೆ ದಿನಾ ಅಷ್ಟು ಜನಕ್ಕೆ ನೀರು ಕಾಯಿಸೋದು ಅಂದ್ರೆ ಎಂಥಾ ಕೆಲಸ ಅಂತ, ಮದುವೆ ಮನೇಲಿ ಒಲೆ ಮುಂದೆ ಕೂತಿರೋ ನಮಗೆ ಯಾರೂ ಹೇಳ್ಬೇಕಾಗಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ಈಗಿರೋ ಕ್ಯಾಂಟೀನ್ ಸ್ಟೋರ್ಸ್ ಇಲಾಖೆ ಆಯ್ತು. ಕ್ಯಾಂಟೀನಿನ ಲಾಭದಲ್ಲಿ ಒಂದು ಪಾಲು ಸೈನಿಕರ ಕಲ್ಯಾಣಕ್ಕೇ ವಾಪಸ್ ಹೋಗ್ತದೆ. ಕಾರ್ಡು ಮಾತ್ರ ಇನ್ನೊಬ್ಬರ ಕೈಗೆ ಕೊಡಂಗಿಲ್ಲ.

ಇಷ್ಟೆಲ್ಲಾ ಯಾಕೆ ಬರೆದೆ ಅಂದ್ರೆ, ನಮ್ಮ ಬೀದಿ ಅಕ್ಕ ಒಬ್ಬರು ಗಂಡ ತೀರ್ಕೊಂಡ ಮೇಲೆ ನಾಕು ವರ್ಷ ಕ್ಯಾಂಟೀನಿನ ಕಡೆ ತಲೆನೇ ಹಾಕಿರಲಿಲ್ಲ. "ಅವರಿದ್ದಾಗ ಅವರ ಕಾರ್ಡು, ಈಗ ನನಗೇನು ಹಕ್ಕೈತೆ" ಅಂತಿದ್ರು. ನಾನೇ ಜೊತೇಲಿ ಹೋಗಿ ವಿಚಾರಿಸ್ದೆ. ಮಾಜಿ ಸೈನಿಕರ ಹೆಂಡತಿಗೆ, ಗಂಡ ಹೋದ ಮೇಲೆ ಅವಳ ಹೆಸರಲ್ಲೇ ಕಾರ್ಡು ಸಿಗ್ತದೆ. ಈಗ ಅಕ್ಕ ತಿಂಗಳಿಗೊಂದು ಸಲ ತಾವೇ ಹೋಗಿ ಸಾಮಾನು ತರ್ತಾರೆ.

ನೆಲಮಂಗಲ, ಹೊಸಕೋಟೆ, ದೇವನಹಳ್ಳಿ ಕಡೆ ನಿಮ್ಮ ನೆಂಟರಲ್ಲಿ ಇಂಥೋರು ಯಾರಾದ್ರೂ ಇದ್ರೆ, ಪಿಂಚಣಿ ಕಾಗದಗಳನ್ನ ಎತ್ಕೊಂಡು ಸೈನಿಕ ಕಲ್ಯಾಣ ಇಲಾಖೆಲಿ ಕೇಳೋಕೆ ಹೇಳಿ. ಒಬ್ಬರೇ ಹೋಗೋಕೆ ಅಂಜಿದ್ರೆ ನೀವೂ ಜೊತೇಲಿ ಹೋಗಿ ಬನ್ನಿ.