ಕೋಯಂಬೇಡಿನ ಆಕಾಶದಲ್ಲಿ ಕಪ್ಪು ನೀಹಾರಿಕೆ: ಚಿತ್ರಸಂಸ್ಕರಣೆಯ ಬಗ್ಗೆ ಒಂದು ತಕರಾರು

ಕಪ್ಪು ನೀಹಾರಿಕೆಯ ಚಿತ್ರ ಬೇಕಿದ್ದರೆ ಊರು ಬಿಟ್ಟು ಹೋಗಿ ಎಂಬ ಸಲಹೆಯನ್ನು ಖಗೋಳ ಛಾಯಾಗ್ರಹಣದ ಹವ್ಯಾಸಿಗಳು ಪ್ರಶ್ನಿಸುವುದು ಕಡಿಮೆ. ಸಲಹೆ ಸರಿಯೇ. ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಮಾತ್ರ ಅರ್ಧ ಸತ್ಯ ಎಂಬುದು ಈ ಲೇಖನದ ವಾದ. ನಗರದ ಬೆಳಕಿನಿಂದ ಚಿತ್ರದಲ್ಲಿ ನಾಯ್ಸ್ ಹೆಚ್ಚುತ್ತದೆ, ಎಕ್ಸ್‌ಪೋಷರ್ ಹೆಚ್ಚಿಸುತ್ತ ಹೋದರೆ ಅದು ತಗ್ಗುತ್ತದೆ, ಮಿಕ್ಕದ್ದನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ ಎಂಬುದು ಚಾಲ್ತಿಯಲ್ಲಿರುವ ತಿಳಿವಳಿಕೆ. ಚೆನ್ನೈಯ ಕೋಯಂಬೇಡಿನಂಥ ಜಾಗದಲ್ಲಿ ಅದು ಲೆಕ್ಕಕ್ಕೆ ನಿಲ್ಲುವುದಿಲ್ಲ.

ಹಿನ್ನೆಲೆ ಗೊತ್ತಿರುವಂಥದ್ದೇ. ವಿಲಿಯಂ ಹರ್ಷೆಲ್ ಕಪ್ಪು ನೀಹಾರಿಕೆಗಳನ್ನು ಆಕಾಶದ ತೂತುಗಳೆಂದುಕೊಂಡಿದ್ದ. ಎಡ್ವರ್ಡ್ ಎಮರ್ಸನ್ ಬರ್ನಾರ್ಡ್ ಕೂಡ ಇವು ಬೆಳಕನ್ನು ತಡೆಯುವ ಮೋಡಗಳೆಂದು ಒಪ್ಪಲು ವರ್ಷಗಟ್ಟಲೆ ಹಿಂದೆಮುಂದೆ ನೋಡಿದ. 1919ರಲ್ಲಿ 182 ಕಪ್ಪು ಗುರುತುಗಳ ಪಟ್ಟಿ ಕೊಟ್ಟ. ಅವನ ಕ್ಷೀರಪಥದ ಅಟ್ಲಾಸ್ ಹೊರಬಂದದ್ದು 1927ರಲ್ಲಿ, ಅವನು ತೀರಿಕೊಂಡ ಮೇಲೆ. ನಕ್ಷತ್ರಗಳ ನಡುವೆ ಧೂಳಿದೆ ಎಂಬುದನ್ನು 1930ರಲ್ಲಿ ಟ್ರಂಪ್ಲರ್ ಖಚಿತಪಡಿಸಿದ. 1962ರಲ್ಲಿ ಬೆವರ್ಲಿ ಲಿಂಡ್ಸ್ ಪಾಲೋಮಾರ್ ಫಲಕಗಳನ್ನು ಜಾಲಾಡಿ 1802 ಕಪ್ಪು ನೀಹಾರಿಕೆಗಳನ್ನು ಪಟ್ಟಿ ಮಾಡಿದರು. ಇಷ್ಟರಲ್ಲಿ ವಿವಾದವೇನಿಲ್ಲ.

ಬರ್ನಾರ್ಡ್ ಬಹುಕಾಲ ಕೆಲಸ ಮಾಡಿದ ಯರ್ಕೀಸ್ ವೀಕ್ಷಣಾಲಯದಿಂದ ನೋಡಿದರೆ ಸರ್ಪಧರ ರಾಶಿಯ ಬರ್ನಾರ್ಡ್ 68 ದಿಗಂತದಿಂದ 24 ಡಿಗ್ರಿಗಿಂತ ಮೇಲೇರುವುದಿಲ್ಲ. ಕೋಯಂಬೇಡಿನಿಂದ ಅದೇ ಮೋಡ 53 ಡಿಗ್ರಿ ಎತ್ತರಕ್ಕೆ ಬರುತ್ತದೆ. ಅಕ್ಷಾಂಶ ಒಲಿದಿದೆ, ನೆಲ ಒಲಿದಿಲ್ಲ. 1996ರಲ್ಲಿ ಇಲ್ಲಿ ಶುರುವಾದ ಸಗಟು ಮಾರುಕಟ್ಟೆ ಎಚ್ಚರಾಗುವುದೇ ಊರು ಮಲಗಿದ ಮೇಲೆ. ಕೋಲಾರದ ಕಡೆಯ ಟೊಮೇಟೊ ಲಾರಿಗಳು ಲೋಡ್ ಇಳಿಸುವ ಹೊತ್ತಿಗೆ ಬಸ್ ನಿಲ್ದಾಣದ ದೀಪಗಳೂ ಉರಿಯುತ್ತಿರುತ್ತವೆ. ಹಳೆಯ ಸೋಡಿಯಂ ದೀಪಗಳ ಹಳದಿಯನ್ನು ಫಿಲ್ಟರ್ ಹಾಕಿ ತಕ್ಕಮಟ್ಟಿಗೆ ತಡೆಯಬಹುದಿತ್ತು, ಬಿಳಿ ಎಲ್‌ಇಡಿ ಎಲ್ಲ ಬಣ್ಣಗಳಲ್ಲೂ ಹರಡಿಕೊಂಡಿದೆ. ಹೈಡ್ರೋಜನ್-ಆಲ್ಫಾ ಫಿಲ್ಟರ್ ಹೊಳೆಯುವ ನೀಹಾರಿಕೆಗೆ ವರದಾನ. ತನ್ನದೇ ಬೆಳಕಿಲ್ಲದ ಮೋಡಕ್ಕೆ ಅದರಿಂದ ಅಷ್ಟೇನೂ ಲಾಭವಿಲ್ಲ.

ಈಗ ತಕರಾರಿನ ವಿಷಯ. ನಗರದ ಆಕಾಶ ಕತ್ತಲ ಆಕಾಶಕ್ಕಿಂತ 4 ಕಾಂತಿಮಾನದಷ್ಟು ಬೆಳಗಿದೆ ಎಂದಿಟ್ಟುಕೊಳ್ಳೋಣ. ಮಹಾನಗರದ ನಡುವೆ ಇದು ಉತ್ಪ್ರೇಕ್ಷೆಯಲ್ಲ. ಅಂದರೆ ಸುಮಾರು 40 ಪಟ್ಟು. ನಾಯ್ಸ್ ಒಂದೇ ತೊಂದರೆಯಾಗಿದ್ದರೆ 40 ಪಟ್ಟು ಹೆಚ್ಚು ಎಕ್ಸ್‌ಪೋಷರ್ ಕೊಟ್ಟು ಗೆಲ್ಲಬಹುದಿತ್ತು. ಕಷ್ಟವಾದರೂ ಅಸಾಧ್ಯವಲ್ಲ. ಆದರೆ ಲೆನ್ಸಿನ ಅಂಚುಗತ್ತಲನ್ನೂ ಸೆನ್ಸರಿನ ಧೂಳನ್ನೂ ಸರಿಪಡಿಸುವ ಫ್ಲಾಟ್ ಫ್ರೇಮಿನಲ್ಲಿ ಶೇ. 1ರಷ್ಟು ತಪ್ಪು ಉಳಿದರೂ, ಕತ್ತಲ ಆಕಾಶದ ಹೊಳಪನ್ನು 1 ಎಂದುಕೊಂಡರೆ, ಕೋಯಂಬೇಡಿನ ಚಿತ್ರದಲ್ಲಿ ಆ ತಪ್ಪಿನ ಬೆಲೆ 0.4. ಮೋಡ ಮರೆಮಾಡುವ ಹಿನ್ನೆಲೆಯ ಮಂದ ಬೆಳಕೂ ಹೆಚ್ಚುಕಡಿಮೆ ಅದೇ ಅಳತೆಯದು. ಫ್ರೇಮುಗಳನ್ನು ಎಷ್ಟು ಸ್ಟ್ಯಾಕ್ ಮಾಡಿದರೂ ಈ ತಪ್ಪು ಕರಗುವುದಿಲ್ಲ, ಪ್ರತಿ ಫ್ರೇಮಿನಲ್ಲೂ ಅದು ಅಲ್ಲೇ ಕೂತಿರುತ್ತದೆ. ಸೆನ್ಸರಿನ ಮುಂದಿನ ಗಾಜಿಗೆ ಅಂಟಿದ ಒಂದು ಧೂಳಿನ ಕಣ ಮಂದ ಭಾಗ ಎದ್ದು ಕಾಣುವಂತೆ ಸ್ಟ್ರೆಚ್ ಮಾಡಿದ ಚಿತ್ರದಲ್ಲಿ ದುಂಡನೆಯ, ಅಂಚು ಮಸುಕಾದ ಕಪ್ಪು ಕಲೆಯಾಗುತ್ತದೆ. ಅದನ್ನು ಬರ್ನಾರ್ಡ್ ಪಟ್ಟಿಯ ಪಕ್ಕದಲ್ಲಿಟ್ಟರೆ ಪಳಗಿದ ಕಣ್ಣೂ ಮೋಸ ಹೋದೀತು.

ಹಿನ್ನೆಲೆಯ ಬೆಳಕಿನ ಏರಿಳಿತವನ್ನು, ಅಂದರೆ ಗ್ರೇಡಿಯೆಂಟನ್ನು, ತೆಗೆಯುವ ಹಂತ ಇನ್ನೂ ಅಪಾಯದ್ದು. ಪಿಕ್ಸ್‌ಇನ್‌ಸೈಟ್, ಸಿರಿಲ್‌ನಂಥ ಸಾಫ್ಟ್‌ವೇರಿನಲ್ಲಿ ‘ಖಾಲಿ ಆಕಾಶ’ದ ಮೇಲೆ ಬಿಂದುಗಳನ್ನಿಟ್ಟರೆ ಅದು ನುಣುಪಾದ ಮೇಲ್ಮೈಯೊಂದನ್ನು ಲೆಕ್ಕಹಾಕಿ ಕಳೆಯುತ್ತದೆ. ಕ್ಷೀರಪಥದ ಮಧ್ಯೆ ಖಾಲಿ ಆಕಾಶವೆಲ್ಲಿದೆ? ಹಲವು ಡಿಗ್ರಿ ಉದ್ದದ ಪೈಪ್ ನೀಹಾರಿಕೆಯ ಮೇಲೆ ಬಿಂದುಗಳು ಬಿದ್ದರೆ ನೀಹಾರಿಕೆಯೇ ತೊಳೆದುಹೋಗುತ್ತದೆ. ಸುತ್ತ ಮಾತ್ರ ಇಟ್ಟರೆ, ಹೆದ್ದಾರಿಯ ದೀಪಗಳ ಏರುಪೇರೂ ನೀಹಾರಿಕೆಯ ಲೆಕ್ಕಕ್ಕೆ ಸೇರುತ್ತದೆ. ಬಿಂದು ಇಡುವವರಿಗೆ ಬರ್ನಾರ್ಡನ ಅಟ್ಲಾಸ್ ಮೊದಲೇ ಗೊತ್ತಿರುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಹಾಗಾದರೆ ನಗರದ ಚಿತ್ರದಲ್ಲಿ ಪುರಾವೆಯಾಗಬಲ್ಲದ್ದು ಏನು? ಹಿನ್ನೆಲೆಯ ಕಪ್ಪಲ್ಲ, ನಕ್ಷತ್ರಗಳ ಎಣಿಕೆ. ಮ್ಯಾಕ್ಸ್ ವೋಲ್ಫ್ 1923ರಲ್ಲಿ ಬಳಸಿದ ವಿಧಾನವಿದು: ಕಪ್ಪು ಪ್ರದೇಶದಲ್ಲೂ ಅದರ ಪಕ್ಕದಲ್ಲೂ ಕಾಂತಿಮಾನಕ್ಕೆ ಎಷ್ಟೆಷ್ಟು ನಕ್ಷತ್ರಗಳೆಂದು ಎಣಿಸಿ ಹೋಲಿಸುವುದು. ಪ್ರತಿ ನಕ್ಷತ್ರವನ್ನೂ ಅದರ ಸುತ್ತಲಿನ ಆಕಾಶದೊಂದಿಗೇ ಅಳೆಯುವುದರಿಂದ ಗ್ರೇಡಿಯೆಂಟ್ ಇಲ್ಲಿ ಹೆಚ್ಚು ಆಟವಾಡದು. ಸೆನ್ಸರಿನ ಧೂಳು ನಕ್ಷತ್ರವನ್ನು ತುಸು ಮಂಕಾಗಿಸಬಹುದು, ಅಳಿಸಲಾರದು. ಮೋಡ ಅಳಿಸುತ್ತದೆ.

ಈ ವಾದಕ್ಕೆ ಮಿತಿಗಳಿವೆ, ಸಣ್ಣವಲ್ಲ. 40 ಪಟ್ಟು ಬೆಳಗಿದ ಆಕಾಶದಲ್ಲಿ ಅದೇ ಎಕ್ಸ್‌ಪೋಷರಿಗೆ ಸುಮಾರು 2 ಕಾಂತಿಮಾನದಷ್ಟು ಮಂದ ನಕ್ಷತ್ರಗಳು ಕೈಬಿಡುತ್ತವೆ, ಎಣಿಸಲು ಸಿಗುವುದೇ ಕಡಿಮೆ. ಬರ್ನಾರ್ಡ್ 68ರ ಅಗಲ ಸುಮಾರು 5 ಕೋನನಿಮಿಷ. ಅಷ್ಟು ಜಾಗದಲ್ಲಿ ಸರಾಸರಿ 25 ನಕ್ಷತ್ರ ಇರಬೇಕಾದಲ್ಲಿ ಒಂದೂ ಇಲ್ಲವೆಂದರೆ ಅದು ಆಕಸ್ಮಿಕವಲ್ಲ. ಸರಾಸರಿ 4 ಮಾತ್ರವೆಂದಾದರೆ, ಖಾಲಿ ಬೀಳುವ ಸಂಭವ ಶೇ. 2ರ ಸಮೀಪ. ಸುಮಾರು 3 ಚದರ ಡಿಗ್ರಿಯ ಚೌಕಟ್ಟಿನಲ್ಲಿ ಅಂಥ ತುಂಡುಗಳು 500ಕ್ಕೂ ಮಿಕ್ಕಿರುತ್ತವೆ, ಹತ್ತು ತುಂಡುಗಳಾದರೂ ಸುಮ್ಮಸುಮ್ಮನೆ ಖಾಲಿ ಕಂಡಾವು. ಇದೂ ನಕ್ಷತ್ರಗಳು ಮನಬಂದಂತೆ ಹರಡಿವೆ ಎಂದುಕೊಂಡಾಗಿನ ಮಾತು. ಹಾಗಾಗಿ ಎಣಿಕೆ ನಗರದಲ್ಲಿ ಹೊಸ ನೀಹಾರಿಕೆ ಹುಡುಕುವ ದಾರಿ ಎನ್ನಲಾಗದು. ಹತ್ತಿರದ, ದಟ್ಟನೆಯ, ಹಿಂದೆ ನಕ್ಷತ್ರಗಳ ದಂಡೇ ಇರುವ ಮೋಡ ನಿಜವಾಗಿ ಚಿತ್ರಕ್ಕೆ ಸಿಕ್ಕಿದೆಯೇ ಎಂದು ಪರೀಕ್ಷಿಸಲು ಅದು ಸಾಕು, ಬಹುಶಃ ಅಷ್ಟಕ್ಕೇ ಸಾಕು. ಎಣಿಕೆಯನ್ನು ಚಿತ್ರ ಸ್ಟ್ರೆಚ್ ಮಾಡುವ ಮುಂಚೆ, ನಕ್ಷತ್ರ ತೆಗೆದುಹಾಕುವ ಸಾಫ್ಟ್‌ವೇರ್ ಓಡಿಸುವ ಮುಂಚೆ ಮಾಡಬೇಕು.

ಅವಕೆಂಪಿನ ಅಂಚಿನ ಪ್ರಶ್ನೆ ಬಗೆಹರಿದಿಲ್ಲ. ಬರ್ನಾರ್ಡ್ 68ರ ಹಿಂದಿನ ನಕ್ಷತ್ರಗಳು ಅವಕೆಂಪಿನಲ್ಲಿ ಕಾಣುತ್ತವೆ ಎಂಬುದನ್ನು ಯುರೋಪಿಯನ್ ದಕ್ಷಿಣ ವೀಕ್ಷಣಾಲಯದ ದೂರದರ್ಶಕಗಳು ತೋರಿಸಿ 20 ವರ್ಷ ದಾಟಿತು. ಫಿಲ್ಟರ್ ತೆಗೆಸಿದ ಸಾಮಾನ್ಯ ಕ್ಯಾಮೆರಾ ಅವಕೆಂಪಿನ ಅಂಚನ್ನು ಮಾತ್ರ ಮುಟ್ಟಬಲ್ಲದು. ಚೆನ್ನೈಯ ಕಡಲ ತೇವದ ಗಾಳಿಯಲ್ಲಿ ಆ ಅಂಚಿನಲ್ಲಿ ಎಣಿಕೆ ಏರುವುದೇ ಎಂದು ನೋಡಬೇಕು. ಅದೇ ಲೆನ್ಸಿನಿಂದ ಅದೇ ಚೌಕಟ್ಟನ್ನು ಕಾವಲೂರು ವೀಕ್ಷಣಾಲಯವಿರುವ ಜವಾದಿ ಬೆಟ್ಟದ ಕಡೆಯಿಂದಲೂ ತೆಗೆದು ಎರಡು ಎಣಿಕೆಗಳನ್ನು ಪಕ್ಕಪಕ್ಕ ಇಡುವತನಕ, ಮೇಲೆ ಹೇಳಿದ ಮಿತಿಗಳು ಕಾಗದದ ಮೇಲಿನ ಲೆಕ್ಕಗಳೇ.